ತಡವಾದ ಸಂಬಳ ಮತ್ತು ಒಂದು ಸಹಿ

ಹೆಸರು, ಗುರುತು ಬದಲಿಸಿದೆ. ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ (ಬೀಜದ ಸಿಪ್ಪೆ ತೆಗೆದು ದರ್ಜೆ ಮಾಡುವ ಕಾರ್ಖಾನೆ) ಒಂದರ ಸ್ಟಾಕ್ ಗುಮಾಸ್ತೆ, ವಯಸ್ಸು 33, ಕೆಲಸಕ್ಕೆ ಸೇರಿ ನಾಲ್ಕು ವರ್ಷ ಒಂಬತ್ತು ತಿಂಗಳು. ನಮ್ಮಲ್ಲಿ ಸಲಹೆಗೆ ಬಂದಾಗ ಮೂರು ವಾರದಿಂದ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ. ಗಂಡ "ಬಿಟ್ಟಾಕು" ಅನ್ನುತ್ತಾರೆ. ಅತ್ತೆ "ಇರೋ ಕೆಲಸ ಬಿಟ್ಟು ಎಲ್ಲಿಗೆ ಹೋಗ್ತೀಯಮ್ಮ" ಅನ್ನುತ್ತಾರೆ.

ತಿಂಗಳ ಏಳನೇ ತಾರೀಕಿಗೆ ಬರುತ್ತಿದ್ದ ಸಂಬಳ ಈಗ 25ಕ್ಕೆ ಬರುತ್ತಿದೆ. ಆದರೂ ಆಕೆ ಕಂಪನಿಯನ್ನು ಬೈಯಲಿಲ್ಲ. ಗ್ರೇಡಿಂಗ್ ನೋಡುತ್ತಿದ್ದವರು ಬಿಟ್ಟುಹೋದ ಮೇಲೆ ಆ ಕೆಲಸ ಇವರ ತಲೆಗೆ ಬಂದಿತ್ತು. ಪೀಬೆರಿ (ಹಣ್ಣಿನಲ್ಲಿ ಒಂದೇ ಆಗಿ ಬೆಳೆದ ದುಂಡು ಬೀಜ) ಬೇರೆ ಮಾಡುವುದು, 50 ಕೆ.ಜಿ. ಪಾರ್ಚ್‌ಮೆಂಟ್ (ಒಳಸಿಪ್ಪೆ ಸಹಿತ ಒಣಗಿಸಿದ ಬೀಜ) ಮೂಟೆಯ ಔಟ್‌ಟರ್ನ್, ಅಂದರೆ ಅದರಿಂದ ಸಿಗುವ ಶುದ್ಧ ಬೀಜದ ಪ್ರಮಾಣ ಯಾಕೆ ಇಳಿಯಿತು, ತೇವವೋ ಜೊಳ್ಳೋ ಎಂದು ಬೆಳೆಗಾರರಿಗೆ ಬಿಡಿಸಿ ಹೇಳುವುದು ಎಲ್ಲ ಕಲಿತರು. ಗಟ್ಟಿ ಕಂಪನಿಯಲ್ಲಾಗಿದ್ದರೆ ಗುಮಾಸ್ತೆಯನ್ನು ಆ ಮೇಜಿನ ಹತ್ತಿರ ಯಾರೂ ಬಿಡುತ್ತಿರಲಿಲ್ಲ. ನಾಳೆ ಬೇರೆ ಕೆಲಸ ಸಿಕ್ಕರೆ ಈ ವಿದ್ಯೆಯಿಂದ, ಈ ಬೆಳೆಗಾರರ ಪರಿಚಯದಿಂದಲೇ.

ನಿದ್ದೆಗೆಡಿಸಿದ್ದು ಬೇರೆ. ಎರಡನೇ ಭೇಟಿಯಲ್ಲಿ ಬಾಯಿಬಿಟ್ಟರು: "ಸಂಬಳ ತಡ ಆದ್ರೆ ತಡ್ಕೋತೀನಿ ಮೇಡಂ, ಸ್ಟೇಟ್‌ಮೆಂಟಿಗೆ ಸಹಿ ಹಾಕುವಾಗ ಕೈ ನಡುಗುತ್ತೆ." ದಾಸ್ತಾನಿನ ಮೇಲೆ ಸಾಲ ಕೊಟ್ಟ ಬ್ಯಾಂಕಿಗೆ ಪ್ರತಿ ತಿಂಗಳು ಲೆಕ್ಕ ಹೋಗಬೇಕು. ಅದರಲ್ಲಿ ಕಂಪನಿಯದು 1,140 ಮೂಟೆ ಎಂದಿತ್ತು. ಆ ಪೈಕಿ 400 ಮೂಟೆ ಬೆಳೆಗಾರರು ಕ್ಯೂರಿಂಗ್‌ಗೆ ಬಿಟ್ಟುಹೋದದ್ದು, ಕಂಪನಿಯದಲ್ಲ.

ಇಲ್ಲಿ ನಮ್ಮ ಸಲಹೆ ಖಡಾಖಂಡಿತವಾಗಿತ್ತು. ಸುಳ್ಳೆಂದು ಗೊತ್ತಿದ್ದೂ ಸಹಿ ಮಾಡಿದವರು ಆಮೇಲೆ "ಯಜಮಾನ್ರು ಹೇಳಿದ್ರು" ಎಂದರೆ ನಡೆಯುವುದಿಲ್ಲ. ಕಂಪನಿಯ ಸ್ವಂತದ್ದು ಒಂದು ಕಾಲಂ, ಬೆಳೆಗಾರರದ್ದು ಇನ್ನೊಂದು. ಎಣಿಸಿದ ತಾರೀಕು ಬರೆದು ಯಜಮಾನರಿಗೆ ಇಮೇಲ್ ಮಾಡಿ. ಬಾಯಿಮಾತು ಬೇಡ. ಕಂಪನಿಯ ಕಡತ ಮನೆಗೆ ಹೊರುವುದೂ ಬೇಡ; ನೇಮಕಾತಿ ಪತ್ರ, ಪೇಸ್ಲಿಪ್, ಫಾರಂ 16 ಸಾಕು.

ಪಿ.ಎಫ್. ಪಾಸ್‌ಬುಕ್ಕನ್ನು ಅಲ್ಲೇ ಮೊಬೈಲಿನಲ್ಲಿ ತೆರೆಸಿದೆವು. ಪೇಸ್ಲಿಪ್ಪಿನಲ್ಲಿ ತಿಂಗಳಿಗೆ 2,160 ರೂಪಾಯಿ ಕಡಿತ, ಪಾಸ್‌ಬುಕ್ಕಿನಲ್ಲಿ ನಾಲ್ಕು ತಿಂಗಳು ಖಾಲಿ. ಮರುತಿಂಗಳ 15ರೊಳಗೆ ಕಟ್ಟಬೇಕಾದ ಹಣ ಅದು. ಒಂದು ತಿಂಗಳು ಕಾಣದಿದ್ದರೆ ಗಾಬರಿ ಬೇಡ, ತಡವಾಗಿ ತುಂಬುವುದುಂಟು. ನಾಲ್ಕು ತಿಂಗಳಾದರೆ ಮೊದಲು ಲಿಖಿತವಾಗಿ ಕೇಳಿ, ಆಮೇಲೆ ಭವಿಷ್ಯನಿಧಿ ಕಚೇರಿಗೆ ದೂರು.

ಹಾಗಾದರೆ ಇವತ್ತೇ ಬಿಡಬೇಕೆ? ಗ್ರಾಚ್ಯುಟಿಗೆ (ಕೆಲಸ ಬಿಡುವಾಗ ಕಂಪನಿ ಕೊಡಬೇಕಾದ ಸೇವಾ ಹಣ) ಬೇಕಾದ ಐದು ವರ್ಷ ತುಂಬಲು ಮೂರೇ ತಿಂಗಳು. ಮೂಲವೇತನ, ಡಿ.ಎ. ಸೇರಿ 18,000; ಅದನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿದರೆ ವರ್ಷಕ್ಕೆ 10,385ರ ಹತ್ತಿರ, ಐದು ವರ್ಷಕ್ಕೆ 51,923 ರೂಪಾಯಿ ಗ್ರಾಚ್ಯುಟಿ. ಸಿಟ್ಟಿಗೆ ಇಷ್ಟು ದುಡ್ಡು ಕೊಡಬಾರದು. ಆದರೆ ಇದನ್ನು ವಿಮಾ ಕಂಪನಿಯಲ್ಲಿ ಕಟ್ಟಿಟ್ಟಿದ್ದಾರೋ ಇಲ್ಲವೋ ಕೇಳಿಕೊಳ್ಳಿ. ಇಲ್ಲದಿದ್ದರೆ ಹಕ್ಕು ಇರುತ್ತದೆ, ಹಣಕ್ಕೆ ಕಾರ್ಮಿಕ ಇಲಾಖೆಗೆ ಅಲೆಯಬೇಕಾದೀತು. ಆಕೆ ಉಳಿಯುವುದೆಂದು ತೀರ್ಮಾನಿಸಿದರು, ಸಹಿ ಮಾತ್ರ ಇಲ್ಲ. ಕಂಪನಿಯ ಲಾರಿ ಬಾಡಿಗೆಗೆ ತಮ್ಮ ಕೈಯಿಂದ ದುಡ್ಡು ಹಾಕುವುದನ್ನೂ ನಿಲ್ಲಿಸಿದರು.

ಎರಡು ಕಾಲಂನ ಲೆಕ್ಕ ಹೋದ ಮೇಲೆ ಯಜಮಾನರು ಎರಡು ದಿನ ಮಾತಾಡಲಿಲ್ಲವಂತೆ. ಆಕೆಗೆ ನಿದ್ದೆ ಬಂತು. ಮೂರನೇ ದಿನ ಹಳೆಯ ನಮೂನೆಯ ಸ್ಟೇಟ್‌ಮೆಂಟಿಗೆ ಬೇರೆಯವರ ಸಹಿ ಬಿದ್ದಿತ್ತು. ಆ ಹುಡುಗ ಕೆಲಸಕ್ಕೆ ಸೇರಿ ಏಳು ತಿಂಗಳು.