ಕಾಗದದ ಕೊಳವೆಯಲ್ಲಿ ಕಟ್ಟಡ ಕಟ್ಟುವ ಜಪಾನಿನ ವಾಸ್ತುಶಿಲ್ಪಿ ಯಾರು? ಅವರು ಆ ದಾರಿ ಹಿಡಿದದ್ದು ಹೇಗೆ?

ಅವರು ಶಿಗೆರು ಬಾನ್. 1957ರಲ್ಲಿ ಟೋಕಿಯೋದಲ್ಲಿ ಹುಟ್ಟಿ, ಅಮೆರಿಕದಲ್ಲಿ ಓದಿ, 1985ರಲ್ಲಿ ಟೋಕಿಯೋದಲ್ಲೇ ಸ್ವಂತ ಕಚೇರಿ ತೆರೆದರು. ಮರುವರ್ಷ ಒಂದು ಪ್ರದರ್ಶನವನ್ನು ಅಣಿಗೊಳಿಸುವಾಗ, ಮರ ದುಬಾರಿಯೆಂದು, ಬಟ್ಟೆ ಸುತ್ತುವಂಥ ರಟ್ಟಿನ ಕೊಳವೆಗಳನ್ನು ಬಳಸಿದರು. ಅವು ಎಣಿಸಿದ್ದಕ್ಕಿಂತ ಗಟ್ಟಿಯಾಗಿದ್ದವು. ಕಥೆ ಶುರುವಾದದ್ದು ಅಲ್ಲಿಂದ.

1995ರ ಕೋಬೆ ಭೂಕಂಪದಲ್ಲಿ ಮನೆ ಕಳೆದುಕೊಂಡವರಿಗೆ ಅವರು ಕಟ್ಟಿಕೊಟ್ಟ ಮನೆಗಳನ್ನು ನೋಡಬೇಕು. ಅಡಿಪಾಯಕ್ಕೆ ಮರಳು ತುಂಬಿದ ಬಿಯರ್ ಕ್ರೇಟುಗಳು, ಗೋಡೆಗೆ ಸಾಲಾಗಿ ನಿಲ್ಲಿಸಿದ ಕೊಳವೆಗಳು, ಮೇಲೆ ಟಾರ್ಪಾಲಿನ ಹೊದಿಕೆ. ಅಲ್ಲೇ 58 ಕೊಳವೆಗಳಿಂದ ಒಂದು ಚರ್ಚನ್ನೂ ಎಬ್ಬಿಸಿದರು. ತಾತ್ಕಾಲಿಕವೆಂದು ಕಟ್ಟಿದ್ದು ಹತ್ತು ವರ್ಷ ನಿಂತಿತು. ಆಮೇಲೆ ಬಿಚ್ಚಿ ತೈವಾನಿಗೆ ಒಯ್ದು ಮತ್ತೆ ಜೋಡಿಸಿದರು. ಕಾಂಕ್ರೀಟಿಗೆ ಈ ಭಾಗ್ಯವಿಲ್ಲ!

2001ರ ಭೂಕಂಪದ ನಂತರ ನಮ್ಮ ಗುಜರಾತಿನ ಭುಜ್‌ಗೂ ಬಂದಿದ್ದರು. ಅಲ್ಲಿ ಕ್ರೇಟು ಸಿಗಲಿಲ್ಲ. ಬಿದ್ದ ಮನೆಗಳ ಅವಶೇಷವನ್ನೇ ಅಡಿಪಾಯಕ್ಕೆ ಹಾಕಿ, ಛಾವಣಿಗೆ ಬಿದಿರು ಮತ್ತು ಚಾಪೆ ಬಳಸಿದರು. ನನಗೆ ಅವರ ಜಾಣತನ ಹೆಚ್ಚು ಕಾಣುವುದು ಇಲ್ಲಿ, ಫ್ರಾನ್ಸಿನ ಮೆಟ್ಜ್ ನಗರದಲ್ಲಿ 2010ರಲ್ಲಿ ತೆರೆದ ಅವರದೇ ವಿನ್ಯಾಸದ ಭವ್ಯ ಕಲಾ ಸಂಗ್ರಹಾಲಯ ಪೊಂಪಿದು ಕೇಂದ್ರದಲ್ಲಿ ಅಲ್ಲ.

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ರಟ್ಟಿನ ಕೆಥೆಡ್ರಲ್ 2013ರದು. ಮರುವರ್ಷವೇ ವಾಸ್ತುಶಿಲ್ಪದ ಅತ್ಯುನ್ನತ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ಅಂದ ಹಾಗೆ, ಅವರ ಕೊಳವೆಗಳು ಮಳೆಗೆ ನೆನೆದು ಹೋಗದಂತೆ ಮೇಲೆ ಪಾಲಿಯುರೆಥೇನ್ ಲೇಪ ಹಚ್ಚಿರುತ್ತಾರೆ.