ಮರುದಿನ ಬೆಳಗ್ಗೆಯ ಕೇಕ್: ಒಂದು ಆಪ್ತಸಲಹೆ ಪ್ರಕರಣ

ಈ ಕುಟುಂಬದ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ, ಕೆಲವನ್ನು ಪೂರ್ತಿ ಬಿಟ್ಟಿದ್ದೇನೆ. ಹೆಸರುಗಳನ್ನು ಹಾಕಿಲ್ಲ.

ಮೊದಲ ಸಲ ತಾಯಿ ಒಬ್ಬರೇ ಬಂದಿದ್ದರು. ವಯಸ್ಸು 36. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಮಗಳಿಗೆ 7 ವರ್ಷ, ಮಗನಿಗೆ 4. ಕೂತ ತಕ್ಷಣ, "ಮೇಡಂ, ಇನ್ನು ನಾಲ್ಕು ವಾರಕ್ಕೆ ಮಗಳ ಹುಟ್ಟುಹಬ್ಬ. ಈಗಲೇ ಎದೆ ಭಾರ ಆಗ್ತಿದೆ" ಎಂದರು. ಮಗುವಿನ ಹುಟ್ಟುಹಬ್ಬಕ್ಕೆ ಎದೆ ಭಾರ ಆಗುತ್ತದೆ ಎಂದು ಹೇಳಿಕೊಳ್ಳುವುದೇ ಅವರಿಗೆ ನಾಚಿಕೆಯಾಗಿತ್ತು.

ಹಿಂದಿನ ವರ್ಷದ್ದನ್ನು ವಿವರಿಸಿದರು. 25 ಜನ ಬಂದಿದ್ದರು. 9 ಬಗೆಯ ತಿಂಡಿಗಳನ್ನು ಮನೆಯಲ್ಲೇ ಮಾಡಿದ್ದರು. ಹಿಂದಿನ ರಾತ್ರಿ 1 ಗಂಟೆಯವರೆಗೂ ಗೋಡೆಗೆ ಅಲಂಕಾರ. ಬೆಳಗ್ಗೆ ಮಗಳು ಕುತೂಹಲಕ್ಕೆ ಒಂದು ಬಲೂನ್ ಎಳೆದಾಗ ಜೋರಾಗಿ ಗದರಿದರು. ರಾತ್ರಿ 9 ಗಂಟೆ ಹೊತ್ತಿಗೆ ಮಗ ನೆಲಕ್ಕೆ ಬಿದ್ದು ಹೊರಳಾಡಿ ಅತ್ತ. ಬಂದವರೆಲ್ಲ ಹೋದ ಮೇಲೆ ಇವರು ಬಚ್ಚಲುಮನೆಯಲ್ಲಿ ನೀರು ಬಿಟ್ಟುಕೊಂಡು ಅತ್ತರು.

"ಅಷ್ಟೆಲ್ಲ ಯಾಕೆ ಮಾಡಬೇಕು ಅನ್ನಿಸಿತು?" ಎಂದು ಕೇಳಿದೆ. ಅವರು ಕೊಟ್ಟ ಉತ್ತರವನ್ನು ಹಾಗೇ ಬರೆದಿಟ್ಟುಕೊಂಡೆ. "ದಿನಾ ನಾನು ಅವರಿಗೆ ಸಿಗೋದೇ ಇಲ್ಲ. ರಾತ್ರಿ ಊಟಕ್ಕೆ ಏನೋ ಬೇಯಿಸಿ ಹಾಕ್ತೀನಿ. ವರ್ಷಕ್ಕೊಂದು ದಿನವಾದರೂ ಆ ಸಾಲ ತೀರಿಸಬೇಕಲ್ವಾ?"

ಸಾಲ. ಈ ಪ್ರಕರಣದ ಗಂಟು ಆ ಪದದಲ್ಲೇ ಇತ್ತು. ದುಡಿಯುವ ತಂದೆ ತಾಯಿಯರಲ್ಲಿ ಈ ಭಾವನೆಯನ್ನು ನಾನು ಮತ್ತೆ ಮತ್ತೆ ಕಾಣುತ್ತೇನೆ. ಪ್ರತಿದಿನದ ಊಟದ ಮೇಲೆ ಅಪರಾಧಿ ಭಾವ ಕೂಡುತ್ತಾ ಹೋಗುತ್ತದೆ. ಅದನ್ನು ಒಂದೇ ದಿನ ಇಳಿಸಿಬಿಡಬೇಕು ಅನ್ನಿಸುತ್ತದೆ. ಆ ದಿನ ಬಂದಾಗ ಮೈಯಲ್ಲಿ ಶಕ್ತಿಯೇ ಇರುವುದಿಲ್ಲ.

ಎರಡನೇ ಸಲ ಮಗಳನ್ನೂ ಕರೆದುಕೊಂಡು ಬರಲು ಹೇಳಿದೆ. ಅವಳ ಮುಂದೆ ಕಾಗದ, ಬಣ್ಣ ಇಟ್ಟು, "ಹೋದ ಸಲದ ಹುಟ್ಟುಹಬ್ಬದಲ್ಲಿ ನಿನಗೆ ತುಂಬಾ ಇಷ್ಟ ಆಗಿದ್ದು ಏನು ಪುಟ್ಟಿ?" ಎಂದೆ. ಬಲೂನ್, ಉಡುಗೊರೆ, ಸ್ನೇಹಿತರು ಎನ್ನುತ್ತಾಳೆ ಅಂದುಕೊಂಡಿದ್ದೆ. ಅವಳು ಸ್ವಲ್ಪವೂ ಯೋಚಿಸದೆ, "ಮರುದಿನ ಕೇಕ್ ತಿಂದಿದ್ದು" ಎಂದಳು.

ಆಮೇಲೆ ಪೂರ್ತಿ ಹೇಳಿದಳು. ಮರುದಿನ ಅಮ್ಮನಿಗೆ ರಜೆ. ತಮ್ಮ ಇನ್ನೂ ಎದ್ದಿರಲಿಲ್ಲ. ಅಡುಗೆಮನೆಯ ನೆಲದ ಮೇಲೆ ಇಬ್ಬರೂ ಕೂತು, ಉಳಿದ ಕೇಕನ್ನು ಡಬ್ಬಿಯಿಂದಲೇ ಚಮಚದಲ್ಲಿ ತಿಂದರು. "ಪ್ಲೇಟೇ ಇರಲಿಲ್ಲ! ಅಮ್ಮ ತಲೆ ಬಾಚಿರಲಿಲ್ಲ. ನಾನು ಹುಟ್ಟಿದ ದಿನ ಎಷ್ಟು ಮಳೆ ಬಂತು ಅಂತ ಹೇಳಿದಳು."

ತಾಯಿಗೆ ಅದು ನೆನಪೇ ಇರಲಿಲ್ಲ. ಸುಸ್ತಾಗಿ ಕೂತಿದ್ದು, ಪಾತ್ರೆಗಳ ರಾಶಿ ಕಣ್ಣೆದುರು ಇದ್ದದ್ದು ಮಾತ್ರ ನೆನಪಿತ್ತು. ಮಗಳ ಬಾಯಿಂದ ಕೇಳುತ್ತಾ ಅವರು ಎಷ್ಟೋ ಹೊತ್ತು ಮಾತಾಡಲಿಲ್ಲ.

ಒಂದು ಮಗು ಹೇಳಿದ್ದು ಎಲ್ಲ ಮಕ್ಕಳಿಗೂ ಹೊಂದುವುದಿಲ್ಲ. ತುಂಬಾ ಜನ ಸೇರಿದರೇ ಖುಷಿಪಡುವ ಮಕ್ಕಳೂ ಇದ್ದಾರೆ. ಅದಕ್ಕೇ ಸ್ನೇಹಿತರು ಬೇಡವಾ ಎಂದು ಇವಳನ್ನೂ ಕೇಳಿದೆ. ಬೆರಳು ಮಡಚಿ ಲೆಕ್ಕ ಹಾಕಿ, "ಐದು ಜನ ಬರಲಿ" ಎಂದಳು. ನಾನು ಎಲ್ಲ ಪೋಷಕರಿಗೂ ಮೊದಲು ಹೇಳುವುದು ಇದನ್ನೇ: ಯೋಜನೆ ಹಾಕುವ ಮುಂಚೆ ಮಗುವನ್ನು ಕೇಳಿ. "ಏನು ಬೇಕು?" ಎಂದು ಬಾಗಿಲು ಪೂರ್ತಿ ತೆರೆದಿಟ್ಟರೆ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಒಂದು ತಿಂಡಿ, ಒಂದು ಆಟ, ಯಾರ್ಯಾರು ಬರಬೇಕು, ಈ ಮೂರನ್ನು ಮಾತ್ರ ಮಗು ಆರಿಸಲಿ. ಉಳಿದದ್ದನ್ನು ದೊಡ್ಡವರು ನೋಡಿಕೊಳ್ಳಲಿ.

ಮನೆಯ ಸಣ್ಣ ಆಚರಣೆಗಳ ಬಗ್ಗೆ ಮನೋವಿಜ್ಞಾನಿಗಳು ಬಹಳ ಕಾಲದಿಂದ ಅಧ್ಯಯನ ಮಾಡಿದ್ದಾರೆ. ಬಾರ್ಬರಾ ಫೀಸ್ ಮತ್ತು ಜೊತೆಗಾರರು 50 ವರ್ಷಗಳ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದರು. ದಿನಚರಿ ಬೇರೆ, ಆಚರಣೆ ಬೇರೆ ಎಂದು ಅವರು ವಿಂಗಡಿಸುತ್ತಾರೆ. ಕೆಲಸ ಮುಗಿದ ಮೇಲೆ ಮರೆತುಹೋಗುವುದು ದಿನಚರಿ. "ನಮ್ಮ ಮನೆಯಲ್ಲಿ ಹೀಗೆ" ಎಂಬ ಭಾವ ಮನಸ್ಸಿನಲ್ಲಿ ಉಳಿದರೆ ಅದು ಆಚರಣೆ. ನೆಲದ ಮೇಲೆ ಕೂತು ಕೇಕ್ ತಿಂದದ್ದು ಆ ಹುಡುಗಿಗೆ ಆಗಲೇ ಆಚರಣೆ ಆಗಿಬಿಟ್ಟಿತ್ತು, ಅಮ್ಮನಿಗೆ ಗೊತ್ತಿಲ್ಲದೆ.

ಹಾಗಾಗಿ ಹುಟ್ಟುಹಬ್ಬವನ್ನು ಅಲ್ಲಿಂದಲೇ ಶುರು ಮಾಡಲು ಹೇಳಿದೆ. ಬೆಳಗ್ಗೆ 20 ನಿಮಿಷ, ಮನೆಯ ನಾಲ್ವರೇ, ನೆಲದ ಮೇಲೆ, ಚಮಚ ಹಿಡಿದು. ಆಕೆ ಹುಟ್ಟಿದ ದಿನದ ಕಥೆಯನ್ನು ಮತ್ತೆ ಹೇಳುವುದು. ಸಂಜೆ 4ರಿಂದ 6ರವರೆಗೆ ಐವರು ಸ್ನೇಹಿತರು. ಅದು ಊಟದ ಹೊತ್ತಲ್ಲ, ಆದ್ದರಿಂದ 9 ಬಗೆ ಬೇಡವೇ ಬೇಡ. ಬ್ರೆಡ್, ಅದಕ್ಕೆ ಮೂರು ನಾಲ್ಕು ಬಗೆಯ ಹೂರಣ, ಹೆಚ್ಚಿದ ತರಕಾರಿ, ಹಣ್ಣು. ಎಲ್ಲ ಬಟ್ಟಲುಗಳಲ್ಲಿ ಇಟ್ಟರೆ ಮಕ್ಕಳೇ ತಮಗೆ ಬೇಕಾದಂತೆ ಜೋಡಿಸಿಕೊಂಡು ತಿನ್ನುತ್ತಾರೆ. ತಿಂಡಿಯೂ ಅದೇ, ಆಟವೂ ಅದೇ. ಕೇಕ್ ಅಂಗಡಿಯಿಂದ ತಂದರೆ ಪ್ರೀತಿ ಕಡಿಮೆ ಆಗುವುದಿಲ್ಲ.

ಅವರಲ್ಲಿದ್ದ ಒಂದು ತಪ್ಪು ತಿಳಿವಳಿಕೆಯನ್ನೂ ಸರಿ ಮಾಡಬೇಕಿತ್ತು. ಸಿಹಿ ತಿಂದದ್ದಕ್ಕೇ ಮಗ ಹಾಗೆ ಹೊರಳಾಡಿದ ಎಂದು ನಂಬಿ, ಒಂದು ವರ್ಷದಿಂದ ಅವನಿಂದ ಕೇಕ್ ಬಚ್ಚಿಡುತ್ತಿದ್ದರು. 1995ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಪರಿಶೀಲನೆಯೊಂದು, ಸಕ್ಕರೆ ಮಕ್ಕಳ ವರ್ತನೆಯನ್ನು ಬದಲಿಸುವುದು ಕಂಡುಬಂದಿಲ್ಲ ಎಂದಿತು. ಅದರ ಹಿಂದಿನ ವರ್ಷ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಮಕ್ಕಳಿಗೆ ಸಕ್ಕರೆ ಕೊಡದೆಯೇ ಕೊಟ್ಟಿದ್ದೇವೆ ಎಂದು ಕೆಲವು ತಾಯಂದಿರಿಗೆ ಹೇಳಿದ್ದರು. ಆ ತಾಯಂದಿರಿಗೆ ತಮ್ಮ ಮಕ್ಕಳು ಜಾಸ್ತಿ ಚಟುವಟಿಕೆ ಮಾಡುತ್ತಿರುವಂತೆ ಕಂಡಿತು. ಸಕ್ಕರೆ ಮಿತವಾಗಿರಬೇಕು, ಹಲ್ಲಿಗೂ ಆರೋಗ್ಯಕ್ಕೂ ಅದೇ ಒಳ್ಳೆಯದು. ಆದರೆ ಅವನ ಅಳುವಿಗೆ ಕಾರಣ ನಿದ್ದೆ ಎಂದೇ ನನಗೆ ಅನ್ನಿಸಿತು. 3ರಿಂದ 5 ವರ್ಷದ ಮಕ್ಕಳಿಗೆ ಹಗಲು ನಿದ್ದೆಯೂ ಸೇರಿ 10ರಿಂದ 13 ಗಂಟೆ ನಿದ್ದೆ ಬೇಕು. ಅವತ್ತು ಅವನು ಹಗಲು ಮಲಗಿರಲಿಲ್ಲ, ರಾತ್ರಿ 9ಕ್ಕೆ ಇನ್ನೂ ಗದ್ದಲದ ಮಧ್ಯೆ ಇದ್ದ.

ಪುಟ್ಟ ಮಕ್ಕಳು ಬರುವ ಮನೆಯಲ್ಲಿ ಇನ್ನೆರಡು ವಿಷಯ. 5 ವರ್ಷದೊಳಗಿನವರಿಗೆ ಇಡೀ ದ್ರಾಕ್ಷಿಯಾಗಲಿ, ಕಡಲೆಕಾಯಿ, ಬಾದಾಮಿಯಂಥ ಇಡೀ ಬೀಜಗಳಾಗಲಿ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ. ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಜಾಸ್ತಿ ಹೊರಗಿಡಬೇಡಿ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ರೋಗಾಣುಗಳು ಬೇಗ ಬೆಳೆಯುತ್ತವೆ.

ಮೂರನೇ ಸಲ ಗಂಡ ಬಂದರು. ಮೃದು ಸ್ವಭಾವದ ಮನುಷ್ಯ, ಹೆಂಡತಿಯ ಬಗ್ಗೆ ನಿಜವಾದ ಕಾಳಜಿ ಇತ್ತು. "ನಾನು ಯಾವತ್ತೂ ಇಲ್ಲ ಅಂದಿಲ್ಲ ಮೇಡಂ. ಹೇಳಿದರೆ ಮಾಡ್ತೀನಿ" ಎಂದರು. ಹೆಂಡತಿ ತಲೆ ಎತ್ತದೆ, "ಆ ಹೇಳೋದೇ ಸುಸ್ತು ರೀ" ಎಂದರು.

ಇಬ್ಬರ ಮುಂದೆಯೂ ಒಂದು ದೊಡ್ಡ ಹಾಳೆ ಇಟ್ಟೆ. ಹೋದ ಹುಟ್ಟುಹಬ್ಬಕ್ಕೆ ಆದ ಒಂದೊಂದು ಕೆಲಸವನ್ನೂ ಬರೆಯಿರಿ, ಪಕ್ಕದಲ್ಲಿ ಅದು ಮೊದಲು ಯಾರ ತಲೆಗೆ ಬಂತು ಎಂದು ಗುರುತು ಹಾಕಿ ಎಂದೆ. ಯಾರು ಮಾಡಿದರು ಎಂದು ಕೇಳಲಿಲ್ಲ. 31 ಕೆಲಸಗಳಾದವು. 28ರ ಪಕ್ಕ ಹೆಂಡತಿಯ ಗುರುತು. ಪೆನ್ನು ಗಂಡನ ಕೈಯಲ್ಲೇ ಇತ್ತು, ಆ ಗುರುತುಗಳನ್ನು ಅವರೇ ಹಾಕುತ್ತಾ ಬಂದರು. ಕೊನೆಗೆ ಪೆನ್ನು ಕೆಳಗಿಟ್ಟು, "ಇಷ್ಟು ಅಂತ ಗೊತ್ತಿರಲಿಲ್ಲ" ಎಂದರು.

ಸಮಾಜಶಾಸ್ತ್ರಜ್ಞೆ ಆಲಿಸನ್ ಡೇಮಿಂಜರ್ 2019ರ ಅಧ್ಯಯನದಲ್ಲಿ ಈ ಕಾಣದ ಕೆಲಸವನ್ನು ನಾಲ್ಕಾಗಿ ಬಿಡಿಸಿದ್ದಾರೆ. ಏನು ಬೇಕಾಗಬಹುದು ಎಂದು ಮೊದಲೇ ಊಹಿಸುವುದು, ದಾರಿಗಳನ್ನು ಹುಡುಕುವುದು, ತೀರ್ಮಾನ ಮಾಡುವುದು, ಆಯಿತೋ ಇಲ್ಲವೋ ಎಂದು ಕಣ್ಣಿಡುವುದು. ಅವರು ಮಾತಾಡಿಸಿದ ಜೋಡಿಗಳಲ್ಲಿ ಮೊದಲನೆಯದೂ ಕೊನೆಯದೂ ಹೆಚ್ಚಾಗಿ ಹೆಂಗಸರ ಪಾಲಿಗೇ ಬಿದ್ದಿದ್ದವು. "ಹೇಳಿದರೆ ಮಾಡ್ತೀನಿ" ಎಂದಾಗ ಈ ನಾಲ್ಕೂ ಹೆಂಡತಿಯ ತಲೆಯಲ್ಲೇ ಉಳಿಯುತ್ತವೆ.

ಕೆಲಸವನ್ನು ಬುಡದಿಂದ ತುದಿಯವರೆಗೆ ಒಬ್ಬರಿಗೇ ಕೊಡಿ ಎಂದು ಸಲಹೆ ಕೊಟ್ಟೆ. ಕೇಕ್ ಮತ್ತು ಸ್ನೇಹಿತರನ್ನು ಕರೆಯುವುದು ಪೂರ್ತಿ ಗಂಡನದ್ದು. ವಾರದಲ್ಲಿ ಮಂಗಳವಾರ, ಗುರುವಾರದ ರಾತ್ರಿ ಊಟವೂ ಅವರದ್ದೇ. ಏನು ಮಾಡುವುದು ಎಂದು ಯೋಚಿಸುವುದರಿಂದ ಹಿಡಿದು ಪಾತ್ರೆ ತೊಳೆದಿಡುವವರೆಗೆ. ಹೆಂಡತಿಗೆ ಕೊಟ್ಟ ಕೆಲಸ ಇದಕ್ಕಿಂತ ಕಷ್ಟದ್ದು: ಮಧ್ಯೆ ಬಾಯಿ ಹಾಕಬಾರದು. ಮೊದಲ ವಾರ ಎರಡು ದಿನವೂ ಮೊಟ್ಟೆ, ಬ್ರೆಡ್ ಬಂತಂತೆ. ಮಕ್ಕಳು ತಿಂದರು. ಇವರು ನಾಲಿಗೆ ಕಚ್ಚಿಕೊಂಡು ಕೂತರು.

ಮಗನ ಊಟದ ಜಗಳಕ್ಕೂ ಒಂದು ದಾರಿ ಬೇಕಿತ್ತು. ಅವನು ಅನ್ನ, ಬ್ರೆಡ್, ಬಾಳೆಹಣ್ಣು ಬಿಟ್ಟರೆ ಬೇರೇನೂ ಮುಟ್ಟುತ್ತಿರಲಿಲ್ಲ. ಬೇಡಿಕೊಳ್ಳುವುದು, ಮೊಬೈಲ್ ತೋರಿಸುವುದು, ಕೊನೆಗೆ ಅಳು. ತೂಕ, ಬೆಳವಣಿಗೆ ಸರಿಯಾಗಿದೆ ಎಂದು ಮಕ್ಕಳ ವೈದ್ಯರು ನೋಡಿ ಹೇಳಿದ್ದರು. ತೂಕ ಇಳಿಯುತ್ತಿದ್ದರೆ, ನುಂಗಲು ಕಷ್ಟಪಡುತ್ತಿದ್ದರೆ, ತಿನ್ನುತ್ತಿದ್ದದ್ದನ್ನೂ ಬಿಡುತ್ತಿದ್ದರೆ ನನ್ನ ಸಲಹೆ ಸಾಲದು, ವೈದ್ಯರಲ್ಲಿಗೆ ಹೋಗಬೇಕು. ಇವನಿಗೆ ಅದೇನೂ ಇರಲಿಲ್ಲ.

ಆಹಾರತಜ್ಞೆ ಎಲಿನ್ ಸ್ಯಾಟರ್ ಹೇಳಿಕೊಟ್ಟ ಹೊಣೆಯ ಹಂಚಿಕೆಯನ್ನೇ ಇಲ್ಲಿ ಬಳಸಿದೆ. ಏನು, ಯಾವಾಗ, ಎಲ್ಲಿ ಎಂಬುದು ದೊಡ್ಡವರಿಗೆ ಬಿಟ್ಟದ್ದು. ತಿನ್ನಬೇಕೋ ಬೇಡವೋ, ಎಷ್ಟು ಎಂಬುದು ಮಗುವಿಗೆ ಬಿಟ್ಟದ್ದು. ಪ್ರತಿ ಊಟದಲ್ಲೂ ಅವನು ತಿನ್ನುವ ಒಂದು ಪದಾರ್ಥ ಇರಲಿ, ಎಲ್ಲರಿಗೂ ಮಾಡಿದ್ದೂ ಎದುರಿಗೆ ಇರಲಿ. ಇನ್ನೆರಡು ತುತ್ತು ಎಂದು ಒತ್ತಾಯ ಬೇಡ. ಹೊಸ ರುಚಿ ಒಪ್ಪಲು ಮಕ್ಕಳಿಗೆ 8ರಿಂದ 15 ಸಲವಾದರೂ ಅದು ಎದುರಾಗಬೇಕಾಗಬಹುದು. ನಾವು ಮೂರನೇ ಸಲಕ್ಕೇ ಕೈ ಬಿಡುತ್ತೇವೆ. ಅವನ ಕೈಗೆ ಕೆಲಸ ಕೊಡಿ ಎಂದೂ ಹೇಳಿದೆ: ತರಕಾರಿ ತೊಳೆಯುವುದು, ಸೊಪ್ಪು ಬಿಡಿಸುವುದು, ಕಲಸುವುದು. ಅಕ್ಕ ಅಳತೆ ಮಾಡಬಹುದು, ಸಿಪ್ಪೆ ತೆಗೆಯಬಹುದು.

ಶುಕ್ರವಾರ ರಾತ್ರಿ ನೆಲದ ಮೇಲೆ ಬೆಡ್‌ಶೀಟ್ ಹಾಸಿ ಊಟ. ಇದು ಮಗಳ ಸಲಹೆ. ಹಿಂದಿನ ದಿನ ಉಳಿದದ್ದನ್ನು ಬಿಸಿ ಮಾಡಿದರೂ ಸಾಕು ಎಂದು ಒಪ್ಪಂದವಾಯಿತು.

ಈ ಸಲ ಕರೆಯದೇ ಬಿಡುವ 20 ಜನಕ್ಕೆ ಏನು ಹೇಳುವುದು ಎಂಬ ಚಿಂತೆ ತಾಯಿಗೆ ಕೊನೆಯವರೆಗೂ ಇತ್ತು. ಒಂದು ವಾಕ್ಯ ಮಾಡಿಕೊಂಡು ನನ್ನೆದುರಿಗೇ ಹೇಳಿ ನೋಡಿದರು: "ಈ ಸಲ ಅವಳ ಸ್ನೇಹಿತರು ಮಾತ್ರ. ನೀವು ಭಾನುವಾರ ಬನ್ನಿ, ಸುಮ್ನೆ ಕೂತು ಮಾತಾಡೋಣ." ಒಬ್ಬ ಹಿರಿಯರಿಗೆ ಬೇಸರವಾಯಿತು. ಆ ಬೇಸರ ಇನ್ನೂ ಇದೆ.

ಹುಟ್ಟುಹಬ್ಬದ ಮುಂದಿನ ವಾರ ಇಬ್ಬರೂ ಬಂದರು. ಗಂಡ ಮೇಣದಬತ್ತಿ ತರುವುದನ್ನು ಮರೆತಿದ್ದರಂತೆ. ಮಗಳು ತನ್ನ ಬೆರಳನ್ನೇ ಕೇಕ್ ಮೇಲೆ ಹಿಡಿದು ಊದಿದಳಂತೆ. ಮಗ ಹಗಲು ಮಲಗೆದ್ದ, ಕೇಕ್ ತಿಂದ, ಬಟ್ಟಲಲ್ಲಿದ್ದ ಸೌತೆಕಾಯಿಯ ಒಂದು ಹೋಳನ್ನು ನೆಕ್ಕಿ ವಾಪಸ್ ಇಟ್ಟ. ಅದೂ ಒಂದು ಲೆಕ್ಕಕ್ಕೆ ಸೇರುತ್ತದೆ ಎಂದೆ.

ಹೊರಡುವಾಗ ತಾಯಿ ಇನ್ನೊಂದು ಹೇಳಿದರು. ಹುಟ್ಟುಹಬ್ಬದ ಹಿಂದಿನ ರಾತ್ರಿ ಹತ್ತೂವರೆಗೆ ಅವರು ಹಿಟ್ಟಿನ ಡಬ್ಬಿ ತೆಗೆದು ನಿಂತಿದ್ದರು. ಇನ್ನೊಂದು ಏನಾದರೂ ಮಾಡಿಬಿಡೋಣ ಅನ್ನಿಸಿತ್ತು. ಸ್ವಲ್ಪ ಹೊತ್ತು ನಿಂತು, ಡಬ್ಬಿ ಮುಚ್ಚಿಟ್ಟು ಮಲಗಿದರು.

"ಆಗ ಏನನ್ನಿಸಿತು?" ಎಂದೆ.

"ಸಾಲ ಇನ್ನೂ ಇದೆ ಅನ್ನಿಸಿತು ಮೇಡಂ."

ಅದರ ಬಗ್ಗೆಯೇ ಮಾತಾಡಲು ಮುಂದಿನ ತಿಂಗಳು ಅವರೊಬ್ಬರೇ ಬರುತ್ತಿದ್ದಾರೆ.