ಜೌಗು ಪ್ರದೇಶಗಳನ್ನು ಮತ್ತೆ ಸರಿಪಡಿಸಿದರೆ ಪ್ರವಾಹ, ಬರ ಎರಡೂ ಕಡಿಮೆಯಾಗುತ್ತವೆಯೇ?

ಆಗುತ್ತವೆ, ಆದರೆ ಒಂದು ಮಿತಿಯೊಳಗೆ. ಮೊದಲು ಭೂಮಿ ಬಿಸಿಯಾದಂತೆ ಇವೆರಡೂ ಯಾಕೆ ಜೋರಾಗುತ್ತವೆ ನೋಡೋಣ: ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ 7ರಷ್ಟು ಜಾಸ್ತಿ ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು. ಹಾಗಾಗಿ ಮಳೆ ಬಂದಾಗ ಒಮ್ಮೆಲೇ ಸುರಿಯುತ್ತದೆ, ಇಲ್ಲದಾಗ ನೆಲ ಬೇಗ ಒಣಗುತ್ತದೆ.

ಜೌಗಿನಲ್ಲಿ ನೀರು ಅಗಲಕ್ಕೆ ಹರಡುತ್ತದೆ, ಹುಲ್ಲು ಜೊಂಡು ಅದರ ವೇಗ ತಗ್ಗಿಸುತ್ತವೆ. ಕೆಳಗಿನ ಊರಿಗೆ ಅದೇ ನೀರು ನಿಧಾನವಾಗಿ ತಲುಪುತ್ತದೆ. ಒಂದಿಷ್ಟು ನೆಲಕ್ಕಿಳಿದು ಬೇಸಿಗೆಯಲ್ಲಿ ತೊರೆಗಳಿಗೆ ಆಸರೆಯಾಗುತ್ತದೆ. ಎಲ್ಲ ಕಡೆಯೂ ಅಲ್ಲ: ತಳದಲ್ಲಿ ಜಿಗುಟು ಮಣ್ಣಿದ್ದರೆ ಇಂಗುವುದು ಕಡಿಮೆ. ಮೊದಲೇ ತುಂಬಿದ ಜೌಗು ಮತ್ತೊಂದು ದೊಡ್ಡ ಮಳೆಯನ್ನು ತಡೆಯುವುದೂ ಕಷ್ಟ.

ಅಮೆರಿಕದ ಚಾರ್ಲ್ಸ್ ನದಿಯ ಉದಾಹರಣೆ ನನಗೆ ತುಂಬಾ ಇಷ್ಟ. ಅಲ್ಲಿ ಪ್ರವಾಹ ತಡೆಯಲು ಹೊಸ ಅಣೆಕಟ್ಟಿನ ಬದಲು ಸುಮಾರು 8,000 ಎಕರೆ ಜೌಗನ್ನು ಉಳಿಸಿಕೊಳ್ಳುವ ದಾರಿ ಹಿಡಿದರು. 1974ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಇದ್ದದ್ದನ್ನು ಉಳಿಸುವುದೇ ಅಗ್ಗ, ಅಲ್ವಾ?

ಹಾಳಾಗಿದ್ದರೆ ಮೊದಲು ನೀರು ಬಸಿಯುವ ಕಾಲುವೆಗಳನ್ನು ಮುಚ್ಚಬೇಕು, ಒಡ್ಡು ತಗ್ಗಿಸಿ ನದಿಗೆ ಮತ್ತೆ ದಾರಿ ಬಿಡಬೇಕು. ಅದನ್ನು ಬಿಟ್ಟು ಸುಮ್ನೆ ಗಿಡ ನೆಟ್ಟರೆ ಅವು ಒಣಗುತ್ತವೆ ಅಷ್ಟೇ.